ಒಂದೇ ಲೈನ್, ಒಂದೇ ಕೆಲಸ, ಹೆಂಗಸಿಗೆ ಕಮ್ಮಿ ಸಂಬಳ: ಬಾಕಿ ಕೇಳುವುದು ಹೇಗೆ

ಗೌರಿಬಿದನೂರಿನ ಗಾರ್ಮೆಂಟ್ಸ್ ಇರಲಿ, ಕೋಲಾರದ ನರಸಾಪುರ, ವೇಮಗಲ್ ಕಡೆಯ ಅಸೆಂಬ್ಲಿ ಲೈನ್ ಇರಲಿ, ಹೆಂಗಸರಿಗೆ ಕಮ್ಮಿ ಕೊಡುವವರು ಹಾಗಂತ ಕಾಗದದಲ್ಲಿ ಬರೆಯುವುದಿಲ್ಲ. ಹುದ್ದೆಯ ಹೆಸರು ಬದಲಿಸುತ್ತಾರೆ, ಅಷ್ಟೆ. ಅದೇ ಐರನ್ ಟೇಬಲ್‌ನಲ್ಲಿ ಗಂಡಸು ‘ಆಪರೇಟರ್’, ಹೆಂಗಸು ‘ಹೆಲ್ಪರ್’. ಆದ್ದರಿಂದ ಹುದ್ದೆಯ ಹೆಸರಿನ ಜಗಳಕ್ಕೆ ಬೀಳಬೇಡಿ, ಕೆಲಸವನ್ನೇ ಹಿಡಿಯಿರಿ.

ಕಾನೂನು ನೋಡುವುದೂ ಅದನ್ನೇ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ 2019ರ ವೇತನ ಸಂಹಿತೆಯ 3ನೇ ಕಲಂ ಪ್ರಕಾರ, ಒಬ್ಬನೇ ಮಾಲೀಕನ ಕೆಳಗೆ ಅದೇ ಅಥವಾ ಅದೇ ರೀತಿಯ ಕೆಲಸಕ್ಕೆ ಲಿಂಗ ನೋಡಿ ಸಂಬಳದಲ್ಲಿ ವ್ಯತ್ಯಾಸ ಮಾಡುವಂತಿಲ್ಲ. ಕೌಶಲ, ಶ್ರಮ, ಅನುಭವ, ಜವಾಬ್ದಾರಿ ಈ ನಾಲ್ಕೂ ಒಂದೇ ಇದ್ದರೆ ಸಾಕು, ಸಣ್ಣಪುಟ್ಟ ವ್ಯತ್ಯಾಸ ಲೆಕ್ಕಕ್ಕಿಲ್ಲ. 2025ರ ನವೆಂಬರ್‌ಗಿಂತ ಹಿಂದಿನ ತಿಂಗಳುಗಳ ಬಾಕಿಯೂ ಇದ್ದರೆ, ಕಾರ್ಮಿಕ ಅಧಿಕಾರಿಗೆ ಕೊಡುವ ಅರ್ಜಿಯಲ್ಲಿ 1976ರ ಸಮಾನ ಸಂಭಾವನೆ ಕಾಯ್ದೆಯನ್ನೂ ಹೆಸರಿಸಿ.

ಮೊದಲ ಕೆಲಸ, ಹೋಲಿಕೆಗೆ ಒಬ್ಬ ಗಂಡಸನ್ನು ಗುರುತಿಸುವುದು. ‘ಗಂಡಸರಿಗೆಲ್ಲ ಜಾಸ್ತಿ’ ಎಂದು ಬರೆದ ಅರ್ಜಿ ಮೊದಲ ಹಿಯರಿಂಗ್‌ನಲ್ಲೇ ಸೊರಗುತ್ತದೆ. ಆ ಗಂಡಸಿನ ಟೋಕನ್ ನಂಬರ್ (ಕಂಪನಿ ಕೊಟ್ಟ ಗುರುತಿನ ಸಂಖ್ಯೆ), ಬ್ಯಾಚ್, ಸೇರಿದ ವರ್ಷ, ಮಾಡುವ ಆಪರೇಷನ್, ಗಂಟೆಗೆ ಟಾರ್ಗೆಟ್ ಎಷ್ಟು, ಇದನ್ನೆಲ್ಲ ಬರೆದಿಡಿ. ಪಕ್ಕದಲ್ಲಿ ನಿಮ್ಮದನ್ನೂ ಬರೆಯಿರಿ. ಹತ್ತು ವರ್ಷದ ಅನುಭವ ಇರುವವರಿಗೆ ಎರಡು ವರ್ಷದವರನ್ನು ಹೋಲಿಸಿದರೆ ಕಂಪನಿಯ ವಕೀಲರಿಗೆ ಕೆಲಸ ಹಗುರ. ಅನುಭವ ಹತ್ತಿರ ಹತ್ತಿರ ಇರುವವರನ್ನೇ ಆರಿಸಿ.

ಅವರ ಪೇ ಸ್ಲಿಪ್ ಅವರಾಗಿಯೇ ಕೊಟ್ಟರೆ ಒಳ್ಳೆಯದು. ಕೊಡದಿದ್ದರೆ ಕದ್ದು ಫೋಟೊ ತೆಗೆಯಲು ಹೋಗಬೇಡಿ, ಅದನ್ನೇ ಶಿಸ್ತುಕ್ರಮದ ನೆಪ ಮಾಡಿಕೊಳ್ಳುತ್ತಾರೆ. ವೇತನ ರಿಜಿಸ್ಟರ್ ತರಿಸುವ ಅಧಿಕಾರ ವಿಚಾರಣೆ ಮಾಡುವವರಿಗೆ ಇದೆ. ಆ ಟೋಕನ್ ನಂಬರಿನ ದಾಖಲೆ ತರಿಸಿ ಎಂದು ಅರ್ಜಿಯಲ್ಲೇ ಕೇಳಿ. ನಿಮ್ಮ ಕಡೆಯಿಂದ ಪೇ ಸ್ಲಿಪ್, ಬ್ಯಾಂಕ್ ಪಾಸ್‌ಬುಕ್, ಐಡಿ ಕಾರ್ಡ್, ಪಿಎಫ್ ಪಾಸ್‌ಬುಕ್ ಬೇಕು. ಪೇ ಸ್ಲಿಪ್ ಕೊಡುವುದು ಮಾಲೀಕರ ಕರ್ತವ್ಯ. ಕೊಡದಿದ್ದರೆ ಪಿಎಫ್‌ನಿಂದ ತಿಳಿಯಬಹುದು. ನಿಮ್ಮ ಪಾಲು 12 ಪರ್ಸೆಂಟ್ ಆದ್ದರಿಂದ, ತಿಂಗಳಿಗೆ 1,440 ರೂಪಾಯಿ ಹೋಗುತ್ತಿದ್ದರೆ ಕಂಪನಿ ಪಿಎಫ್‌ಗೆ ತೋರಿಸಿರುವ ಸಂಬಳ 12,000.

ಲೆಕ್ಕದಲ್ಲಿ ಬಹಳ ಜನ ಓಟಿ (ಓವರ್‌ಟೈಮ್) ಮರೆಯುತ್ತಾರೆ. ವ್ಯತ್ಯಾಸ ತಿಂಗಳಿಗೆ 1,400 ಅಂದುಕೊಳ್ಳಿ. 24 ತಿಂಗಳಿಗೆ 33,600. ತಿಂಗಳ ಆ 1,400ನ್ನು 26 ದಿನ, 8 ಗಂಟೆಗೆ ಭಾಗಿಸಿದರೆ ಗಂಟೆಗೆ 6.73. ಓಟಿಗೆ ಎರಡರಷ್ಟು, ಅಂದರೆ 13.46. ತಿಂಗಳಿಗೆ 20 ಗಂಟೆ ಓಟಿ ಮಾಡಿದ್ದರೆ 24 ತಿಂಗಳಿಗೆ ಅದೇ ಇನ್ನೂ ಸುಮಾರು 6,460 ಆಯಿತು. ಪಿಎಫ್‌ನಲ್ಲಿ ಮಾಲೀಕರ ಪಾಲಿನ ವ್ಯತ್ಯಾಸ, ಬೋನಸ್ ವ್ಯತ್ಯಾಸ ಬೇರೆ ಸಾಲಿನಲ್ಲಿ ತೋರಿಸಿ.

ಆಮೇಲೆ ಎಚ್‌ಆರ್‌ಗೆ ಪತ್ರ. ಬಾಯಿಮಾತಿನಲ್ಲಿ ಹೇಳಿದ್ದು ಹೇಳದ ಹಾಗೇ. ನಾಲ್ಕು ಸಾಲು ಸಾಕು: ‘ನಾನು ಈ ಬ್ಯಾಚಿನಲ್ಲಿ ಇಂಥ ಆಪರೇಷನ್ ಮಾಡುತ್ತಿದ್ದೇನೆ. ಇದೇ ಕೆಲಸ ಮಾಡುವ ಟೋಕನ್ ನಂಬರ್ ಇಂಥವರಿಗೆ ತಿಂಗಳಿಗೆ ಇಷ್ಟು ಹೆಚ್ಚು ಸಿಗುತ್ತಿದೆ. ವ್ಯತ್ಯಾಸಕ್ಕೆ ಕಾರಣವನ್ನು ಬರಹದಲ್ಲಿ ತಿಳಿಸಿ, ಬಾಕಿ ಪಾವತಿಸಿ.’ ನಿಮ್ಮ ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ‘ಗಂಡಸರದ್ದೇ ಇಳಿಸಿ ಸಮ ಮಾಡುತ್ತೇವೆ’ ಎಂದು ಹೆದರಿಸಿ ಲೈನಿನಲ್ಲಿ ಜಗಳ ಹಚ್ಚುವುದುಂಟು. ಸಮ ಮಾಡುವ ಹೆಸರಿನಲ್ಲಿ ಯಾರ ಸಂಬಳವನ್ನೂ ಇಳಿಸುವಂತಿಲ್ಲ ಎಂದು ಅದೇ 3ನೇ ಕಲಂ ಹೇಳುತ್ತದೆ. ಇದನ್ನು ಗಂಡಸರಿಗೂ ಮುಂಚೆಯೇ ತಿಳಿಸಿಡಿ. ‘ಯೂನಿಯನ್ ಒಪ್ಪಿದೆ’, ‘ಕಂಪನಿ ನಷ್ಟದಲ್ಲಿದೆ’ ಎಂಬ ವಾದಗಳನ್ನು 1987ರಲ್ಲೇ ಮೆಕಿನನ್ ಮೆಕೆಂಜಿ ಕಂಪನಿಯ ಮಹಿಳಾ ಸ್ಟೆನೋಗ್ರಾಫರ್‌ಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿದೆ.

ಉತ್ತರ ಬರದಿದ್ದರೆ ಜಿಲ್ಲಾ ಕಾರ್ಮಿಕ ಅಧಿಕಾರಿ ಕಚೇರಿಗೆ ಹೋಗಿ. ಬಾಕಿ ಹುಟ್ಟಿದ ದಿನದಿಂದ ಮೂರು ವರ್ಷದೊಳಗೆ ಅರ್ಜಿ ಕೊಡಬೇಕು. ಹಲವರು ಸೇರಿ ಒಂದೇ ಅರ್ಜಿ ಕೊಡಬಹುದು, ನೋಂದಾಯಿತ ಯೂನಿಯನ್ನೂ ಕೊಡಬಹುದು. ಸೇರಿ ಕೊಡುವುದೇ ಮೇಲು, ಒಬ್ಬರನ್ನೇ ಗುರಿಮಾಡಿ ಕಾಡುವುದು ಕಷ್ಟವಾಗುತ್ತದೆ. ಬಾಕಿಯ ಜೊತೆಗೆ ಅದರ ಹತ್ತರಷ್ಟರವರೆಗೆ ಪರಿಹಾರ ಕೊಡಿಸಲು ಅವಕಾಶವಿದೆ, ಅದನ್ನೂ ಕೇಳಿ. ನೀವು ಕಾಂಟ್ರಾಕ್ಟರ್ ಕಡೆಯವರಾಗಿ, ಗಂಡಸರು ಕಂಪನಿ ರೋಲ್‌ನಲ್ಲಿದ್ದರೆ ‘ಮಾಲೀಕ ಬೇರೆ’ ಎಂಬ ತಕರಾರು ಬಂದೇ ಬರುತ್ತದೆ. ಕಾಂಟ್ರಾಕ್ಟರ್, ಕಂಪನಿ ಇಬ್ಬರನ್ನೂ ಪ್ರತಿವಾದಿ ಮಾಡಿ. ಕೆಲಸ ಹಂಚುವವರು, ರಜೆ ಕೊಡುವವರು ಯಾರು ಎಂದು ವಿವರವಾಗಿ ಬರೆಯಿರಿ.

ವಕೀಲರ ಫೀಸಿಗೆ ಹೆದರಬೇಕಿಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ಗೇಟಿನಲ್ಲಿ ‘ಗಂಡಸರಿಗೆ ಮಾತ್ರ’ ಎಂಬ ಬೋರ್ಡ್ ಕಂಡರೆ ತಾರೀಖು ಕಾಣುವಂತೆ ಫೋಟೊ ತೆಗೆದಿಡಿ. ಕಾನೂನೇ ಹೆಂಗಸರಿಗೆ ನಿಷೇಧಿಸಿದ ಕೆಲಸ ಬಿಟ್ಟರೆ, ನೇಮಕಾತಿಯಲ್ಲೂ ತಾರತಮ್ಯ ಸಲ್ಲದು.

ಖಾಲಿ ಹಾಳೆಗೆ, ‘ಎಲ್ಲ ಬಾಕಿ ಮುಟ್ಟಿದೆ’ ಎಂಬ ಕಾಗದಕ್ಕೆ ಸಹಿ ಮಾಡಬೇಡಿ. ರಾಜಿಗೆ ಕರೆದರೆ ಒಟ್ಟು ಮೊತ್ತ ನೋಡಿ ಖುಷಿಪಡುವ ಮುಂಚೆ, ಮುಂದಿನ ತಿಂಗಳಿಂದ ಬೇಸಿಕ್ ಎಷ್ಟು ಏರುತ್ತದೆ ಎಂದು ಬರೆದಿದೆಯೇ ನೋಡಿ. ಪಿಎಫ್, ಗ್ರಾಚ್ಯುಟಿ ಎಲ್ಲಕ್ಕೂ ಅದೇ ಬುಡ. ಬರೆಯದಿದ್ದರೆ ಬರೆಸಿ, ಆಮೇಲೆ ಸಹಿ.