ಒಂದೇ ಪದ, ಮೂರು ಅರ್ಥ: ‘ಅವಕಾಶ’ದ ಜಾಡು ಹಿಡಿಯುವುದು ಹೇಗೆ

ಬೆಂಗಳೂರಿನ ಆಫೀಸೊಂದರಲ್ಲಿ ಮೂವರು ‘ಅವಕಾಶ’ ಎಂದರೆ ಮೂರು ಬೇಡಿಕೆಗಳಾಗುತ್ತವೆ. ಹಿಂದಿಯವರಿಗೆ ಅದು ರಜೆ, ಮಲಯಾಳಿಗಳಿಗೆ ಹಕ್ಕು, ನಮಗೆ ಸಿಕ್ಕರೆ ಬಿಡಬಾರದ ಸಂದರ್ಭ. ಇಂಥ ಪದದ ಮೂಲ ಹುಡುಕುವ ಕ್ರಮ ಹೀಗೆ.

ಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ, ಬಂದ ಮಾತಿನ ಸಮೇತ ಬರೆದುಕೊಳ್ಳಿ: ‘ಮಾತಾಡಲು ಅವಕಾಶ ಕೊಡಿ’, ಹಿಂದಿಯ ‘ಗ್ರೀಷ್ಮಾವಕಾಶ್’, ಮಲಯಾಳದ ‘ಮನುಷ್ಯಾವಕಾಶಂ’. ಹಿಂದಿಯಲ್ಲಿ ‘ಅವಕಾಶಪ್ರಾಪ್ತ್’ ಎಂದರೆ ನಿವೃತ್ತರಾದವರು. ನಮ್ಮ ಅರ್ಥವನ್ನೇ ಅಲ್ಲಿಗೂ ಹೊರಿಸಿದರೆ ಪೂರ್ತಿ ಉಲ್ಟಾ ಆಗುತ್ತದೆ.

ಆಮೇಲೆ ಪದ ದೇಸಿಯೋ ಎರವಲೋ ನೋಡಿ. ಮಹಾಪ್ರಾಣ ಅಥವಾ ಶ, ಷ ಇದ್ದರೆ ಸಾಮಾನ್ಯವಾಗಿ ಎರವಲು. ದೇಸಿ ಪದಗಳಲ್ಲಿ ಧ್ವನಿ ಒಂದು ಕ್ರಮದಲ್ಲಿ ಬದಲಾಗಿರುತ್ತದೆ: ಹಳಗನ್ನಡದ ಪಾಲ್, ಪಲ್ ಈಗ ಹಾಲು, ಹಲ್ಲು, ತಮಿಳಿನಲ್ಲಿ ಪಕಾರ ಇವತ್ತಿಗೂ ಉಳಿದಿದೆ. ಇಂಥ ಜೋಡಿ ಕಂಡಾಗ ಒಂದರಿಂದ ಇನ್ನೊಂದು ಹುಟ್ಟಿತು ಎನ್ನಬೇಡಿ. ಎರಡಕ್ಕೂ ತಾಯಿ ಒಬ್ಬಳೇ ಎಂಬುದಕ್ಕಷ್ಟೇ ಅದು ಸಾಕ್ಷಿ.

ದೇಸಿಯಾದರೆ ಬರೋ ಮತ್ತು ಎಮೆನೊ ಅವರ ದ್ರಾವಿಡ ನಿಘಂಟು (1984ರ ಎರಡನೇ ಆವೃತ್ತಿ), ಸಂಸ್ಕೃತವಾದರೆ ಮೋನಿಯರ್ ವಿಲಿಯಮ್ಸ್ (1899) ತೆರೆಯಿರಿ. ಎರಡೂ ಆನ್‌ಲೈನ್‌ನಲ್ಲಿ ಸಿಗುತ್ತವೆ. ಕನ್ನಡದ ಬಳಕೆಗೆ ಕಿಟ್ಟೆಲ್ (1894) ಇದೆ, ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳಿವೆ.

ಈಗ ಪದ ಬಿಡಿಸಿ: ಅವ + ಕಾಶ್. ಆಕಾಶ, ಪ್ರಕಾಶಗಳಲ್ಲಿರುವುದೂ ಇದೇ ಧಾತು. ಸಂಸ್ಕೃತದಲ್ಲಿ ಅವಕಾಶ ಎಂದರೆ ಎಡೆ, ತೆರಪು. ಇದನ್ನು ನಡುವೆ ಇಟ್ಟುಕೊಂಡರೆ ಮೂರೂ ಅರ್ಥ ತಾವಾಗಿ ಕೂಡಿಕೊಳ್ಳುತ್ತವೆ. ಕೆಲಸದ ನಡುವಿನ ತೆರಪು ರಜೆ, ಏನಾದರೂ ಮಾಡಲು ಸಿಗುವ ತೆರಪು ಸಂದರ್ಭ, ತನಗೆ ಸಲ್ಲಬೇಕಾದ ಎಡೆ ಹಕ್ಕು. ನಮ್ಮದೇ ‘ಎಡೆ’ಯೂ ಹೀಗೇ ನಡೆದಿದೆ. ಜಾಗ ಎಂದು ಅರ್ಥವಿದ್ದ ಪದವನ್ನೇ ‘ಅನುಮಾನಕ್ಕೆ ಎಡೆಯಿಲ್ಲ’ ಎನ್ನುವಾಗ ಬಳಸುತ್ತೇವೆ. ಅರ್ಥ ಹೀಗೆ ಚಲಿಸಬಲ್ಲದೇ ಎಂದು ಪರೀಕ್ಷಿಸಲು ಇಂಥ ಜೋಡಿ ಪದ ಬಹಳ ಉಪಯೋಗಕ್ಕೆ ಬರುತ್ತದೆ.

ಕೊನೆಗೆ ಕಾಲ ನೋಡಿ. ಹೆಚ್ಚಿನವರು ಎಡವುವುದು ಇಲ್ಲೇ. ಹೊಯ್ಸಳ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ‘ಬೆಂದಕಾಳೂರು’ ಬೆಂಗಳೂರಾಯಿತು ಎನ್ನುತ್ತಾರೆ. ಆತ ಪಟ್ಟಕ್ಕೆ ಬಂದದ್ದು 1173ರಲ್ಲಿ. ಬೇಗೂರಿನ ನಾಗೇಶ್ವರ ದೇವಸ್ಥಾನದ ವೀರಗಲ್ಲು ಸುಮಾರು 890ರದು, ಅದರಲ್ಲಿ ಆಗಲೇ ಬೆಂಗಳೂರ ಕಾಳೆಗದ ಮಾತಿದೆ.