ವಿಂಡ್ಸರ್ ಕೋಟೆ: ಯಾವ ದಿನ ಹೋಗಬೇಕು, ಒಳಗೆ ಯಾವುದನ್ನು ಮೊದಲು ನೋಡಬೇಕು

ಲಂಡನ್‌ನಲ್ಲಿ ಉಳಿದುಕೊಂಡು ವಿಂಡ್ಸರ್ ಕೋಟೆಯನ್ನು ಒಂದೇ ದಿನದಲ್ಲಿ ನೋಡಿ ಬರಬಹುದು. ಆದರೆ ಯಾವ ದಿನವಾದರೂ ಆದೀತು ಎನ್ನುವಂತಿಲ್ಲ. ಮಂಗಳವಾರ ಮತ್ತು ಬುಧವಾರ ಕೋಟೆಗೆ ಪ್ರವೇಶವಿಲ್ಲ. ಭಾನುವಾರ ಕೋಟೆ ತೆರೆದಿದ್ದರೂ ಒಳಗಿನ ಪ್ರಾರ್ಥನಾ ಮಂದಿರವಾದ ಸೇಂಟ್ ಜಾರ್ಜ್ ಚಾಪೆಲ್ ಅಂದು ಪ್ರಾರ್ಥನೆಗೆ ಬರುವವರಿಗೆ ಮಾತ್ರ ಮೀಸಲು. ಚಾಪೆಲ್ ನೋಡದೆ ಬಂದರೆ ಅರ್ಧ ಕೋಟೆ ನೋಡಿದ ಹಾಗೆ, ಹಾಗಾಗಿ ಭಾನುವಾರವನ್ನೂ ಬಿಡಿ. ಉಳಿದ ನಾಲ್ಕು ದಿನಗಳಲ್ಲಿ ಶನಿವಾರ ಜನ ಹೆಚ್ಚು. ಗುರುವಾರ ಅಥವಾ ಶುಕ್ರವಾರ ಒಳ್ಳೆಯದು.

1070ರ ಸುಮಾರಿಗೆ, ಇಂಗ್ಲೆಂಡನ್ನು ಗೆದ್ದ ನಾರ್ಮನ್ ದೊರೆ ವಿಲಿಯಂ ದಿ ಕಾಂಕರರ್ ಕಟ್ಟಿಸಲು ತೊಡಗಿದ ಈ ಕೋಟೆಯಲ್ಲಿ ರಾಜಮನೆತನ ಇಂದಿಗೂ ವಾಸಿಸುತ್ತದೆ. ರಾಷ್ಟ್ರಾಧ್ಯಕ್ಷರ ಭೇಟಿ ಇದ್ದಾಗ, ಜೂನ್‌ನಲ್ಲಿ ಗಾರ್ಟರ್ ಎಂಬ ಹಳೆಯ ನೈಟ್ ಪದವಿಯ ಸಮಾರಂಭ ನಡೆಯುವಾಗ ಪ್ರವಾಸಿಗರಿಗೆ ಬಾಗಿಲು ಮುಚ್ಚುತ್ತದೆ. 2025ರಲ್ಲಿ ಫ್ರಾನ್ಸ್ ಮತ್ತು ಅಮೆರಿಕದ ಅಧ್ಯಕ್ಷರ ಆತಿಥ್ಯವೂ ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯ ಬದಲು ಇಲ್ಲಿಯೇ ನಡೆಯಿತು. ವಿಮಾನದ ಟಿಕೆಟ್ ಕಾಯ್ದಿರಿಸಿದ ಮೇಲೂ, ಹೊರಡುವ ವಾರದಲ್ಲಿ ಮತ್ತೊಮ್ಮೆ ಅಧಿಕೃತ ವೆಬ್‌ಸೈಟ್‌ನಲ್ಲಿ ಮುಚ್ಚುವ ದಿನಗಳ ಪಟ್ಟಿ ನೋಡಿ.

ಟಿಕೆಟನ್ನು ಕೋಟೆಯ ಪ್ರವಾಸಿ ಪ್ರವೇಶದ ಉಸ್ತುವಾರಿ ಹೊತ್ತ ರಾಯಲ್ ಕಲೆಕ್ಷನ್ ಟ್ರಸ್ಟ್‌ನಿಂದಲೇ ಕೊಳ್ಳಿ. ಮುಂಚಿತವಾಗಿ ಕೊಂಡರೆ ಆ ದಿನದ ದರಕ್ಕಿಂತ ಅಗ್ಗ, ಐದು ವರ್ಷದೊಳಗಿನ ಮಕ್ಕಳಿಗೆ ಉಚಿತ. ಟಿಕೆಟ್‌ನಲ್ಲಿ ಒಳಹೋಗುವ ಸಮಯ ನಮೂದಾಗಿರುತ್ತದೆ, ಹೊರಬರುವ ಸಮಯ ನಿಮ್ಮಿಷ್ಟ. ಬಾಗಿಲು ತೆರೆಯುವುದು ಬೆಳಿಗ್ಗೆ 10ಕ್ಕೆ. ಆ ಮೊದಲ ಸರದಿಯನ್ನೇ ಹಿಡಿಯಿರಿ.

ಊರಿಗೆ ಎರಡು ರೈಲು ನಿಲ್ದಾಣಗಳಿವೆ, ಎಡವಟ್ಟಾಗುವುದು ಇಲ್ಲಿಯೇ. ವಾಟರ್ಲೂನಿಂದ ಹೊರಡುವ ರೈಲು ನಡುವೆ ಬದಲಾಯಿಸದೆ ಸುಮಾರು ಒಂದು ತಾಸಿನಲ್ಲಿ ವಿಂಡ್ಸರ್ ಆ್ಯಂಡ್ ಈಟನ್ ರಿವರ್‌ಸೈಡ್ ತಲುಪಿಸುತ್ತದೆ. ಪ್ಯಾಡಿಂಗ್ಟನ್‌ನಿಂದ ಹೊರಟರೆ ಸ್ಲೌನಲ್ಲಿ ಇಳಿದು, ಆರು ನಿಮಿಷದ ಪುಟ್ಟ ರೈಲು ಹತ್ತಿ ವಿಂಡ್ಸರ್ ಆ್ಯಂಡ್ ಈಟನ್ ಸೆಂಟ್ರಲ್‌ಗೆ ಬರಬೇಕು. ಎರಡೂ ಬೇರೆ ಬೇರೆ ಮಾರ್ಗಗಳು, ಆದ್ದರಿಂದ ಟಿಕೆಟ್ ಕೊಳ್ಳುವಾಗ ನಿಲ್ದಾಣದ ಪೂರ್ತಿ ಹೆಸರು ಹೇಳಿ. ಲಂಡನ್ನಿನ ಬಸ್ಸು-ರೈಲುಗಳಲ್ಲಿ ಬಳಸುವ ಆಯ್‌ಸ್ಟರ್ ಕಾರ್ಡ್ ಇಲ್ಲಿ ನಡೆಯುವುದಿಲ್ಲ. ಮೊಣಕಾಲು ನೋವಿರುವವರಿಗೆ ಸೆಂಟ್ರಲ್ ವಾಸಿ, ರಿವರ್‌ಸೈಡ್‌ನಿಂದ ಏರುದಾರಿ.

ದ್ವಾರದಲ್ಲಿ ವಿಮಾನ ನಿಲ್ದಾಣದಂಥದೇ ತಪಾಸಣೆ. ಸೂಟ್‌ಕೇಸ್ ಎಳೆದುಕೊಂಡು ಬರಬೇಡಿ, ಅದನ್ನು ಒಳಗೆ ಬಿಡುವುದಿಲ್ಲ. ತಪಾಸಣೆ ಮುಗಿದೊಡನೆ ಕೈಗೆ ಸಿಗುವ ಆಡಿಯೊ ಗೈಡ್ ಟಿಕೆಟ್ ದರದಲ್ಲೇ ಸೇರಿದೆ.

ಇನ್ನು ನೋಡುವ ಕ್ರಮ. ಮೊದಲು ರಾಜದರ್ಬಾರಿನ ಕೋಣೆಗಳು, ಅಂದರೆ ಸ್ಟೇಟ್ ಅಪಾರ್ಟ್‌ಮೆಂಟ್ಸ್. ಹತ್ತೂವರೆಯ ಹೊತ್ತಿಗೆ ಇಲ್ಲಿ ಇನ್ನೂ ಉಸಿರಾಡಲು ಜಾಗವಿರುತ್ತದೆ. ದೊಡ್ಡ ಮೆಟ್ಟಿಲು ಹತ್ತಿದ ಕೂಡಲೇ ಸಿಗುವ ಗ್ರ್ಯಾಂಡ್ ವೆಸ್ಟಿಬ್ಯೂಲ್ ಅನ್ನು ಬಹಳ ಜನ ಬರೀ ಹಾದಿಯೆಂದುಕೊಂಡು ದಾಟಿಬಿಡುತ್ತಾರೆ. ದಯವಿಟ್ಟು ನಿಲ್ಲಿ. ಇಲ್ಲಿನ ಗಾಜಿನ ಕಪಾಟುಗಳಲ್ಲಿ ಟಿಪ್ಪು ಸುಲ್ತಾನನ ಸಿಂಹಾಸನದ ಹುಲಿಯ ತಲೆಯಿದೆ. ಮರದ ಮೇಲೆ ಚಿನ್ನದ ತಗಡು ಹೊದಿಸಿ, ಕಣ್ಣಿಗೂ ಹಲ್ಲಿಗೂ ಸ್ಫಟಿಕ ಕೂರಿಸಿದ ಕೆಲಸ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ವಿಜೇತರು ಸಿಂಹಾಸನವನ್ನು ಒಡೆದು ಹಂಚಿಕೊಂಡರು, ಚೂರುಗಳು ಹಲವು ಕೈಗಳಿಗೆ ಚದುರಿಹೋದವು. ಅದೇ ಸಿಂಹಾಸನದ ಛತ್ರಿಯ ಮೇಲಿದ್ದ, ರತ್ನ ಕೂರಿಸಿದ ಹುಮಾ ಎಂಬ ಪೌರಾಣಿಕ ಪಕ್ಷಿಯೂ ಇದೇ ರಾಜಸಂಗ್ರಹಕ್ಕೆ ಸೇರಿದೆ. ಎಲ್ಲಿದೆ ಎಂದು ಅಲ್ಲಿನ ವಾರ್ಡನ್‌ಗಳನ್ನು ಕೇಳಿ, ಕೋಣೆಗಳ ವಿಷಯ ತಿಳಿದವರು ಅವರು. ಆಡಿಯೊ ಗೈಡ್ ಮುಗಿದರೂ ಈ ಕಪಾಟಿನ ಮುಂದೆ ಹತ್ತು ನಿಮಿಷ ಹೆಚ್ಚು ಕಳೆಯಿರಿ.

ವಾಟರ್ಲೂ ಚೇಂಬರ್‌ನ ಗೋಡೆಗಳಲ್ಲಿ ನೆಪೋಲಿಯನ್ನನನ್ನು ಸೋಲಿಸಿದವರ ಚಿತ್ರಗಳಿವೆ. ಅವನ್ನು ನೋಡಿದ ಮೇಲೆ ಕಾಲ ಕೆಳಗೂ ನೋಡಿ: ಆ ಬೃಹತ್ ಜಮಖಾನ ಆಗ್ರಾ ಜೈಲಿನ ಕೈದಿಗಳು ವಿಕ್ಟೋರಿಯಾ ರಾಣಿಗಾಗಿ ನೇಯ್ದದ್ದು. ಮುಂದೆ ಸೇಂಟ್ ಜಾರ್ಜ್ ಹಾಲ್. 1992ರ ನವೆಂಬರ್ 20ರಂದು ಖಾಸಗಿ ಪ್ರಾರ್ಥನಾ ಕೋಣೆಯಲ್ಲಿ ದೀಪದ ಶಾಖಕ್ಕೆ ಪರದೆ ಹತ್ತಿಕೊಂಡು ಎದ್ದ ಬೆಂಕಿ ಇದರ ಚಾವಣಿಯನ್ನು ಸುಟ್ಟಿತು. ಇಂದು ಕಾಣುವ ಓಕ್ ಮರದ ಚಾವಣಿ ಆಮೇಲಿನದು, 1997ರ ಹೊತ್ತಿಗೆ ಪುನರ್ನಿರ್ಮಾಣ ಮುಗಿಯಿತು. ಚಾವಣಿಯ ತುಂಬ ಗಾರ್ಟರ್ ಪದವಿ ಪಡೆದವರ ಲಾಂಛನಗಳು. ನಡುನಡುವೆ ಖಾಲಿ ಬಿಳಿ ಗುರಾಣಿ ಕಂಡರೆ ಅದು ಪದವಿ ಕಳೆದುಕೊಂಡವನದು.

ರಾಣಿ ಮೇರಿಯ ಬೊಂಬೆಮನೆಗೆ ಬೇರೆ ಸಾಲು. ಒಂದು ಅಡಿಗೆ ಒಂದು ಅಂಗುಲದ ಅಳತೆಯಲ್ಲಿ, 1921ರಿಂದ 1924ರ ನಡುವೆ ಮಾಡಿದ್ದು. ಚಿಕ್ಕ ಮಕ್ಕಳಿದ್ದರೆ ಕಾಯಿರಿ. ಇಲ್ಲದಿದ್ದರೆ, ಸಾಲು ಉದ್ದವಿದ್ದರೆ ಬಿಟ್ಟುಬಿಡಿ.

ಹನ್ನೊಂದರ ಕಾವಲು ಬದಲಾವಣೆ ದಿನವೂ ಇರುವುದಿಲ್ಲ, ಮಳೆ ಬಂದರೆ ರದ್ದಾಗುವುದೂ ಉಂಟು. ಅದೇ ಮುಖ್ಯವೆನಿಸಿದರೆ ವೇಳಾಪಟ್ಟಿ ನೋಡಿ ದಿನ ಆರಿಸಿ, ಕೋಣೆಗಳನ್ನು ಆಮೇಲಕ್ಕೆ ಇಟ್ಟುಕೊಳ್ಳಿ. ಬ್ಯಾಂಡ್ ಸಮೇತ ಸೈನಿಕರು ಊರಿನ ಹೈ ಸ್ಟ್ರೀಟ್‌ನಲ್ಲೇ ಸಾಗಿಬರುವುದರಿಂದ ಟಿಕೆಟ್ ಇಲ್ಲದವರೂ ಮೆರವಣಿಗೆಯನ್ನು ನೋಡಬಹುದು.

ಚಾಪೆಲ್‌ಗೆ ಸಂಜೆ 4ರೊಳಗೆ ಪ್ರವೇಶಿಸಬೇಕು. ಕೋಟೆ ಅದಕ್ಕಿಂತ ತಡವಾಗಿ ಮುಚ್ಚುವ ತಿಂಗಳುಗಳಲ್ಲಿ ಇದನ್ನು ತಿಳಿಯದೆ ನಿರಾಶರಾಗುವವರು ಹೆಚ್ಚು. ಎರಡೂವರೆಗೆ ಅಲ್ಲಿರುವಂತೆ ನೋಡಿಕೊಳ್ಳಿ. 1475ರಲ್ಲಿ ನಾಲ್ಕನೇ ಎಡ್ವರ್ಡ್ ಆರಂಭಿಸಿ 1528ರಲ್ಲಿ ಪೂರ್ಣಗೊಂಡ ಕಟ್ಟಡವಿದು. ಬಾಗಿಲಲ್ಲಿ ನಿಂತು ಮೊದಲು ಕಲ್ಲಿನ ಬೀಸಣಿಗೆಯಂತೆ ಹರಡಿಕೊಂಡ ಚಾವಣಿ ನೋಡಿ, ಆಮೇಲೆ ಒಳಗೆ ನಡೆಯಿರಿ. ದೊರೆ ಎಂಟನೇ ಹೆನ್ರಿ, ಅವನ ರಾಣಿ ಜೇನ್ ಸೀಮೋರ್, ದೊರೆ ಮೊದಲನೇ ಚಾರ್ಲ್ಸ್ ಒಂದೇ ಕಲ್ಲಿನಡಿ ಸಮಾಧಿಯಾಗಿದ್ದಾರೆ. 2022ರಲ್ಲಿ ತೀರಿಕೊಂಡ ಎರಡನೇ ಎಲಿಜಬೆತ್ ರಾಣಿಯ ಸಮಾಧಿ ಪಕ್ಕದ ಪುಟ್ಟ ಕೋಣೆಯಲ್ಲಿದೆ. ಅದರ ಮುಂದೆ ಸಾಲು ನಿಲ್ಲದೆ ಸಾಗುತ್ತಿರುತ್ತದೆ, ಫೋಟೊಕ್ಕೆ ಕೈ ಹಾಕಬೇಡಿ.

ಹೊರಡುವ ಮುನ್ನ ಟಿಕೆಟನ್ನು ವರ್ಷದ ಪಾಸ್ ಆಗಿ ಬದಲಾಯಿಸಿಕೊಡುವಂತೆ ಸಿಬ್ಬಂದಿಯನ್ನು ಕೇಳಿ, ಹೆಚ್ಚಿನ ಹಣವಿಲ್ಲ. ಬೇರೆ ಮಾರಾಟಗಾರರಿಂದ ಕೊಂಡ ಟಿಕೆಟ್‌ಗೆ ಈ ಸೌಲಭ್ಯ ಸಿಗುವುದಿಲ್ಲ.