ಜಾವಾದಿಂದ ಗೋ ಕಡೆಗೆ ಬರೋರಿಗೆ ಒಂದು ಮಾತು

ತುಮಕೂರು–ಬೆಂಗಳೂರು ರೈಲಲ್ಲಿ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಹೊಸ ಪ್ರೋಗ್ರಾಮಿಂಗ್ ಭಾಷೆ ಕಲಿಯೋ ನಮ್ಮಂಥವರಿಗೆ ಇದು. ಜಾವಾದಲ್ಲಿ 11 ವರ್ಷ ಕೈ ಪಳಗಿದ ಮೇಲೆ ಗೋ ಹಿಡಿದೆ. ಲೂಪ್ ಅಂದ್ರೇನು ಅಂತ ಓದೋಕೆ ಹೋಗಬೇಡಿ, ನೀವೇ ಹಿಂದೆ ಬರೆದ ಒಂದು ಚಿಕ್ಕ ಪ್ರೋಗ್ರಾಂ ತಗೊಂಡು ಗೋದಲ್ಲಿ ಮತ್ತೆ ಬರೀರಿ. ಬೆರಳಿನ ಹಳೇ ಚಾಳಿ ಎಲ್ಲೆಲ್ಲಿ ಅಡ್ಡ ಬರುತ್ತೆ ಅಂತ ಆಗಲೇ ಗೊತ್ತಾಗೋದು.

ಗೋದಲ್ಲಿ ತೆರೆಯೋ ಬ್ರೇಸ್, ಅಂದ್ರೆ { ಚಿಹ್ನೆ, ಮುಂದಿನ ಸಾಲಿಗೆ ಇಳಿಸಿದ್ರೆ ಕಂಪೈಲ್ ಆಗಲ್ಲ. ಸಾಲಿನ ಕೊನೆಗೆ ಸೆಮಿಕೋಲನ್ ತಾನಾಗೇ ಸೇರಿಕೊಳ್ಳೋದೇ ಕಾರಣ. ಇದು ಬಿಡಿ, ಎರರ್ ಬಂದು ಹೇಳುತ್ತೆ.

ಸದ್ದಿಲ್ಲದೆ ಕೈ ಕೊಡೋದು := ಚಿಹ್ನೆ. ಬರೀ = ಹಾಕಿದ್ರೆ ಇರೋ ವೇರಿಯಬಲ್‌ಗೆ ಬೆಲೆ ಕೂರುತ್ತೆ. ಇಫ್ ಬ್ಲಾಕಿನೊಳಗೆ := ಹಾಕಿದ್ರೆ ಅದೇ ಹೆಸರಿನ ಹೊಸದೊಂದು ಹುಟ್ಟುತ್ತೆ, ಹೊರಗಿನದು ಹಾಗೇ ಉಳಿಯುತ್ತೆ. ಕ್ಯಾತ್ಸಂದ್ರದಲ್ಲಿ ಹುಡುಕೋಕೆ ಶುರು ಮಾಡಿದ ಬಗ್ ಯಶವಂತಪುರ ಬಂದ್ರೂ ಸಿಗಲಿಲ್ಲ, ಕೊನೆಗೆ ನೋಡಿದ್ರೆ ಇದೇ!

ಇನ್ನೊಂದು, ಪಬ್ಲಿಕ್ ಅನ್ನೋ ಪದವೇ ಇಲ್ಲ. ಹೆಸರಿನ ಮೊದಲಕ್ಷರ ದೊಡ್ಡದಿದ್ರೆ (ಕ್ಯಾಪಿಟಲ್) ಮಾತ್ರ ಪ್ಯಾಕೇಜಿನ ಹೊರಗೆ ಕಾಣುತ್ತೆ. ಸ್ಟ್ರಕ್ಟ್ (ಹಲವು ಫೀಲ್ಡ್ ಒಟ್ಟಿಗಿಡೋ ಟೈಪ್) ಫೀಲ್ಡನ್ನ ಸಣ್ಣಕ್ಷರದಲ್ಲಿ ಬರೆದು, ಜೇಸನ್ (ಡೇಟಾ ಕಳಿಸೋ ಪಠ್ಯ ರೂಪ) ಯಾಕೆ ಖಾಲಿ ಬರ್ತಿದೆ ಅಂತ ನಾನೂ ತಲೆ ಕೆರ್ಕೊಂಡಿದ್ದೀನಿ.

ಎರರ್ ಹಿಡಿಯೋಕೆ ಜಾವಾದ ಟ್ರೈ–ಕ್ಯಾಚ್ ಹುಡುಕಬೇಡಿ. ಎರರ್ ಕೂಡ ಫಂಕ್ಷನ್ ಹಿಂತಿರುಗಿಸೋ ಇನ್ನೊಂದು ಬೆಲೆ, ಅಷ್ಟೇ. ಪದೇ ಪದೇ ಅದು ನಿಲ್ (ಅಂದ್ರೆ ಎರರ್ ಇಲ್ಲ) ತಾನೇ ಅಂತ ನೋಡೋದು ಬೇಜಾರು, ನಂಗಿನ್ನೂ ಹಿಡಿಸಿಲ್ಲ. ಆದ್ರೂ ಜಾವಾ ಥರ ಮಾಡೋಕೆ ಹೋಗಿ ಒದ್ದಾಡಬೇಡಿ. ನಮ್ಮ ಪಾವಗಡದೋರು ಕನ್ನಡ, ತೆಲುಗು ಎರಡೂ ಆಡ್ತಾರೆ, ಒಂದರ ವ್ಯಾಕರಣ ಇನ್ನೊಂದಕ್ಕೆ ತುರುಕಲ್ಲ ನೋಡಿ.

ಇಂಡೆಂಟ್ ಜಗಳಕ್ಕೆ ಗೋಫಮ್ಟ್ (gofmt, ಕೋಡನ್ನ ತಾನೇ ಜೋಡಿಸೋ ಟೂಲ್) ಇದೆ, ಸೇವ್ ಮಾಡುವಾಗ ಓಡೋ ಹಾಗೆ ಇವತ್ತೇ ಸೆಟ್ ಮಾಡ್ಕೊಳ್ಳಿ.